ನಲವತ್ತು ಕೆಂಪು ಗೆರೆಗಳು

ಮೈದಾನದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಫಳಫಳಕ್ಕ ಎಂದು. ಯಾರು ಇಟ್ಟ ಹೆಸರೋ, ಹೇಳಿ ಮಾಡಿಸಿದಂತಿತ್ತು. ಅವಳ ಕೈಗೆ ಸಿಕ್ಕಿದ ವಸ್ತು ಹೊಳೆಯದೆ ಹಿಂದಿರುಗಿದ್ದಿಲ್ಲ. ಒಮ್ಮೆ ಕಚೇರಿಯ ಗಾಜಿನ ಬಾಗಿಲನ್ನು ಅವಳು ಎಷ್ಟು ಚೆನ್ನಾಗಿ ಒರೆಸಿದ್ದಳೆಂದರೆ, ಬಾಗಿಲು ತೆರೆದೇ ಇದೆಯೆಂದು ನಂಬಿ ಮ್ಯಾನೇಜರ್ ಮೂಗು ಜಜ್ಜಿಕೊಂಡಿದ್ದ.

ಅದು ಪೇಂಟ್‌ಬಾಲ್ ಆಡುವ ಮೈದಾನ. ಮೀಸೆ ನರೆತವರೂ ಮೊಮ್ಮಕ್ಕಳನ್ನು ಕಂಡವರೂ ಅಲ್ಲಿಗೆ ಬಂದು, ಮೈತುಂಬ ಮೇಲಂಗಿ ತೊಟ್ಟು, ಮುಖಕ್ಕೆ ಮುಖವಾಡ ಹಾಕಿಕೊಂಡು, ಗಾಳಿಯ ಗನ್ನಿನಿಂದ ಒಬ್ಬರಿಗೊಬ್ಬರು ಬಣ್ಣದ ಗುಂಡು ಹೊಡೆದುಕೊಳ್ಳುತ್ತಾರೆ. ಕೆಸರಲ್ಲಿ ಹೊರಳಿ, ಗಂಟಲು ಹರಿಯುವಂತೆ ಕಿರುಚಿ, ಸಂಜೆ ಮೇಲಂಗಿ ಕಳಚಿ ಎಸೆದು ಸಭ್ಯರಾಗಿ ಕಾರು ಹತ್ತುತ್ತಾರೆ. ಹಾಗೆ ಎಸೆದ ಮೇಲಂಗಿಗಳನ್ನು ಆರು ವರ್ಷ ಒಗೆದವಳು ಫಳಫಳಕ್ಕ. ಸೋಪಿನ ನೀರಲ್ಲಿ ಮುಳುಗಿ ಮುಳುಗಿ ಅವಳ ಬೆರಳ ಸಂದಿಗಳೆಲ್ಲ ಬಿರಿದಿದ್ದವು. ಚಳಿಗಾಲದಲ್ಲಿ ಮುಷ್ಟಿ ಕಟ್ಟಿದರೆ ರಕ್ತ ಜಿನುಗುತ್ತಿತ್ತು. ವೈದ್ಯರು ಮುಲಾಮು ಬರೆದುಕೊಟ್ಟು, "ನೀರಲ್ಲಿ ಕೈ ಹಾಕ್ಬೇಡಿ" ಎಂದಿದ್ದರು. ಮೀನಿಗೆ ನೀರಿಗಿಳಿಯಬೇಡ ಅಂದ ಹಾಗಾಯ್ತಲ್ಲ ಎಂದು ಅವಳು ನಕ್ಕು ಬಂದಿದ್ದಳು.

ಮೂರು ವಾರದ ಹಿಂದೆ ಒಡತಿ, ಎಲ್ಲರೂ ಮೇಡಂ ಎನ್ನುವವರು, ಅವಳನ್ನು ಗಾಳಿ ಕೋಣೆಗೆ ಹಾಕಿದರು. ಒಣ ಕೋಣೆ. ಒಂದು ಮೂಲೆಯಲ್ಲಿ ಕಂಪ್ರೆಸರ್, ಗೋಡೆಗೆ ಕಪಾಟು, ಕಪಾಟಿನಲ್ಲಿ ಸಾಲಾಗಿ ನಲವತ್ತು ನೀಲಿ ಸಿಲಿಂಡರ್. ಗೇಣುದ್ದಕ್ಕಿಂತ ತುಸು ಹೆಚ್ಚಿನ ಒಂದೊಂದರೊಳಗೂ ಮೂರು ಸಾವಿರ ಪೌಂಡ್ ಒತ್ತಡದ ಗಾಳಿ ತುಂಬುತ್ತಾರೆ. ಅಷ್ಟೂ ಒತ್ತಡ ನೇರವಾಗಿ ನುಗ್ಗಿದರೆ ಗನ್ ಉಳಿಯುವುದಿಲ್ಲ. ಅದಕ್ಕೇ ಸಿಲಿಂಡರಿನ ಕುತ್ತಿಗೆಗೆ ರೆಗ್ಯುಲೇಟರ್ ಎಂಬ, ಮುಷ್ಟಿಗಿಂತ ಚಿಕ್ಕದಾದ ಲೋಹದ ತುಂಡನ್ನು ತಿರುಗಿಸಿ ಕೂರಿಸಿರುತ್ತಾರೆ. ಒಳಗಿನ ಅಬ್ಬರವನ್ನು ತಗ್ಗಿಸಿ ಹದವಾಗಿ ಹೊರಬಿಡುವುದು ಅದರ ಕೆಲಸ. ಮನೆಯಲ್ಲಿ ಗಂಡನಿಗೂ ಅತ್ತೆಗೂ ನಡುವೆ ನಿಂತು ತಾನು ಮಾಡುತ್ತಿರುವುದೂ ಇದೇ ಕೆಲಸವೆಂದು ಫಳಫಳಕ್ಕನಿಗೆ ಮೊದಲ ದಿನವೇ ಅರ್ಥವಾಯಿತು.

ಆ ಕೋಣೆಯ ದೊರೆ ಗಾಳಿ ಮೇಷ್ಟ್ರು. ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷ ಉಸಿರಾಟದ ಸಿಲಿಂಡರ್ ತುಂಬಿ ನಿವೃತ್ತರಾಗಿ ಇಲ್ಲಿಗೆ ಬಂದವರು. ಈ ತಿಂಗಳ ಕೊನೆಗೆ ಇದನ್ನೂ ಬಿಡುವವರಿದ್ದರು. ಅಷ್ಟರೊಳಗೆ ಅವರು ಫಳಫಳಕ್ಕನನ್ನು ನೋಡಿ "ಸರಿ" ಎಂದರೆ ಕೋಣೆ ಅವಳದು, "ಊಹೂಂ" ಎಂದರೆ ಮತ್ತೆ ಒಗೆಯುವ ತೊಟ್ಟಿಯೇ ಗತಿ. ಮೇಡಂ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು. ಆ ಒಂದು ಮಾತಿಗಾಗಿ ಅವಳು ಮೂರು ವಾರದಿಂದ ಮೇಷ್ಟ್ರ ಮುಖವನ್ನೇ ಓದುತ್ತಿದ್ದಳು. ಆದರೆ ಅದು ಓದಲು ಸಿಗುವ ಮುಖವಾಗಿರಲಿಲ್ಲ.

ಬುಧವಾರ ಮೇಷ್ಟ್ರು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದರು. ಶನಿವಾರ ದೊಡ್ಡ ಪಂದ್ಯ, ಒಂದೊಂದು ಸುತ್ತಿಗೂ ನಲವತ್ತು ಜನ. ಒಬ್ಬಳೇ ಕೂತಿದ್ದ ಫಳಫಳಕ್ಕನಿಗೆ ಕೈ ತುರಿಸತೊಡಗಿತು. ನಲವತ್ತೂ ಸಿಲಿಂಡರ್ ಮೇಜಿನ ಮೇಲೆ ಇಳಿದವು. ಒಣಗಿ ಅಂಟಿದ ಬಣ್ಣ, ಬೆವರು, ಧೂಳು, ಎಲ್ಲ ಹೋಯಿತು. ಪ್ರತಿಯೊಂದರ ಕುತ್ತಿಗೆಯಲ್ಲೂ, ರೆಗ್ಯುಲೇಟರಿನಿಂದ ಸಿಲಿಂಡರಿಗೆ ಇಳಿದಂತೆ, ಕೆಂಪು ನೇಲ್ ಪಾಲಿಷಿನ ಒಂದು ಪುಟ್ಟ ಗೆರೆ ಇತ್ತು. ಕೆಲವು ಕಿತ್ತು ಬಂದಿದ್ದವು, ಕೆಲವು ಸೊಟ್ಟಗಿದ್ದವು. ಒಂದರಲ್ಲಂತೂ ಮೇಲಿನ ತುಂಡು ಒಂದು ಕಡೆ, ಕೆಳಗಿನ ತುಂಡು ಕಿರುಬೆರಳಿನಷ್ಟು ಆಚೆ. ಯಾರಪ್ಪಾ ಇದನ್ನ ಎಳೆದದ್ದು, ಕಣ್ಣು ಮುಚ್ಚಿಕೊಂಡು ಎಳೆದರೇ ಎಂದು ಗೊಣಗುತ್ತ, ಅವಳು ಪಾಲಿಷ್ ತೆಗೆಯುವ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ನಲವತ್ತೂ ಗೆರೆಗಳನ್ನು ಒರೆಸಿ ತೆಗೆದಳು. ಈ ಗೆರೆಗಳಿಗೆಂದೇ ಬೆಳಿಗ್ಗೆ ಮಗಳ ಪೆಟ್ಟಿಗೆಯಿಂದ ಎತ್ತಿಕೊಂಡು ಬಂದಿದ್ದ ಹೊಸ ಶೀಶೆ ಬಿಚ್ಚಿ, ಉಸಿರು ಬಿಗಿಹಿಡಿದು, ನಲವತ್ತು ನೆಟ್ಟನೆಯ ಗೆರೆಗಳನ್ನು ಎಳೆದಳು. ಕಪಾಟಿಗೆ ಅವಳದೇ ದೃಷ್ಟಿ ತಾಗುವಂತಿತ್ತು.

ಗುರುವಾರ ಮೇಷ್ಟ್ರು ಒಂದು ಕೆನ್ನೆ ಉಬ್ಬಿಸಿಕೊಂಡು ಬಂದರು. ಕಪಾಟಿನ ಮುಂದೆ ಒಂದು ಗಳಿಗೆ ನಿಂತು, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ಸನ್ಮಾನ. ಆಮೇಲೆ ಕಲಿಸಲೆಂದು ಒಂದು ಖಾಲಿ ಸಿಲಿಂಡರ್, ಕೆಟ್ಟುಹೋದ ಒಂದು ರೆಗ್ಯುಲೇಟರ್ ಮೇಜಿನ ಮೇಲಿಟ್ಟು, "ಇವತ್ತು ಕೂರಿಸೋದು ತೋರಿಸ್ತೀನಿ. ಬಾಯಿ ನೋಯ್ತಿದೆ, ಒಂದೊಂದೇ ಸಲ ಹೇಳ್ತೀನಿ" ಎಂದರು.

ಅವರು ತೋರಿಸಿದರು, ಅವಳು ನೋಡಿದಳು. ಮೊದಲು ಸಿಲಿಂಡರಿನ ಭುಜದ ಮೇಲೆ ಒತ್ತಿದ ತಾರೀಖು: ಪರೀಕ್ಷೆಯ ಗಡುವು ಮೀರಿಲ್ಲ ತಾನೇ? ಆಮೇಲೆ ಒತ್ತಡದ ಅಂಕಿ: ಸಿಲಿಂಡರಿನ ಮೇಲಿರುವುದೂ ರೆಗ್ಯುಲೇಟರಿನ ಮೇಲಿರುವುದೂ ಒಂದೇ ಇರಬೇಕು. ಒಣ ಬಟ್ಟೆಯಲ್ಲಿ ಎರಡರ ತಿರುಪಿನ ಸುತ್ತುಗಳನ್ನೂ ಒರೆಸಿ, ಬೆಳಕಿಗೆ ಹಿಡಿದು, ಚೂರುಪಾರು ಇಲ್ಲವೆಂದು ನೋಡಿದರು. ಹೊಸ ರಬ್ಬರ್ ಉಂಗುರ ಹಾಕಿದರು, ಅದಕ್ಕೆ ಸಿಲಿಕೋನ್ ಗ್ರೀಸನ್ನು ಸವರಿದರೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಸವರಿದರು.

"ಸ್ವಲ್ಪ ಎಣ್ಣೆ ಬಿಟ್ರೆ ಇನ್ನೂ ನಯವಾಗಿ ಕೂರಲ್ವಾ ಮೇಷ್ಟ್ರೇ?"

"ಎಣ್ಣೆ ಹತ್ರ ತರಬಾರದು. ಈ ಒತ್ತಡದಲ್ಲಿ ಎಣ್ಣೆ ಹೊತ್ಕೊಳ್ಳುತ್ತೆ." ಮೇಷ್ಟ್ರು ಕೆನ್ನೆ ಒತ್ತಿಕೊಂಡರು. "ಕೈಯಲ್ಲೇ ತಿರುಗಿಸಿ. ಸರಾಗವಾಗಿ ಹೋಗಬೇಕು. ಬಿಗಿಯಾಯ್ತು ಅಂದ್ರೆ ಸ್ಪ್ಯಾನರ್ ತಗೊಂಡು ಜಗಳಕ್ಕೆ ಹೋಗ್ಬೇಡಿ, ಬಿಚ್ಚಿ ಮೊದಲಿಂದ ಹಿಡೀರಿ."

ರೆಗ್ಯುಲೇಟರ್ ಕುತ್ತಿಗೆಗೆ ಪೂರ್ತಿ ಕೂತ ಮೇಲೆ ಸ್ಪ್ಯಾನರಿನಿಂದ ಹದವಾಗಿ ಒಂದು ಬಿಗಿ. ಕೊನೆಗೆ ಮೇಷ್ಟ್ರು ಜೇಬಿನಿಂದ ಹಳೆಯ ನೇಲ್ ಪಾಲಿಷ್ ಶೀಶೆ ತೆಗೆದು, ಮೇಲಿಂದ ಕೆಳಕ್ಕೆ ಗೆರೆಯೆಳೆದರು.

"ಇದು ಚೆಂದಕ್ಕಾ?" ಅವಳು ಕೇಳಿದಳು.

"ಚೆಂದಕ್ಕಲ್ಲ ತಾಯಿ, ಸಾಕ್ಷಿಗೆ. ಆಟ ಮುಗಿದ್ಮೇಲೆ ಜನ ಸಿಲಿಂಡರನ್ನ ತಿರುಗಿಸಿ ಗನ್ನಿಂದ ಬಿಡಿಸ್ತಾರೆ. ಆಗ ರೆಗ್ಯುಲೇಟರ್ ಸಿಲಿಂಡರ್ ಜೊತೆಗೇ ಬರಬೇಕು. ಇಲ್ಲಿ ಸಡಿಲ ಇದ್ರೆ ಅದು ಗನ್ನಲ್ಲೇ ಉಳಿದು, ಸಿಲಿಂಡರ್ ಒಂದೇ ಬಿಚ್ಕೊಳ್ಳುತ್ತೆ. ಒಳಗೆ ಗಾಳಿ ಇರುತ್ತೆ. ಗುಂಡಿನ ಹಾಗೆ ಹಾರುತ್ತೆ, ಎದುರಿಗೆ ಯಾರಿದ್ದಾರೆ ಅಂತ ನೋಡಲ್ಲ. ಮೇಲಿನ ಗೆರೆ ಕೆಳಗಿನ ಗೆರೆಗೆ ಕೂಡಿಲ್ಲ ಅಂದ್ರೆ ರೆಗ್ಯುಲೇಟರ್ ಅಲುಗಿದೆ ಅಂತ ಅರ್ಥ. ಅಂಥದ್ದು ಈ ಕೋಣೆ ಬಿಟ್ಟು ಹೋಗಕೂಡದು."

ಫಳಫಳಕ್ಕ ತಿರುಗಿ ನೋಡಿದಳು. ಕಪಾಟಿನಲ್ಲಿ ನಲವತ್ತು ಗೆರೆಗಳು ಒಂದಕ್ಕಿಂತ ಒಂದು ನೆಟ್ಟಗೆ ನಿಂತಿದ್ದವು. ಅವುಗಳಲ್ಲಿ ಒಂದು ಅಲುಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು, ಕೈಯಾರೆ ಮುಚ್ಚಿದ್ದಳು. ಅದು ಯಾವುದೆಂದು ಈಗ ಅವಳಿಗೂ ಗೊತ್ತಿರಲಿಲ್ಲ.

ಹೇಳಬೇಕೆಂದು ಬಾಯಿ ತೆರೆದಳು. ಅದೇ ಹೊತ್ತಿಗೆ ಮೇಡಂ ಒಳಗೆ ಬರಬೇಕೇ! ಕಪಾಟು ನೋಡಿ ಕಣ್ಣರಳಿಸಿ, "ಅಬ್ಬಾ, ಇದು ನಮ್ಮ ಕೋಣೇನೇನಾ? ಏನಂತೀರಿ ಮೇಷ್ಟ್ರೇ, ಅಕ್ಕ ಆಗಬಹುದಾ?" ಎಂದರು. ಮೇಷ್ಟ್ರು ಉಬ್ಬಿದ ಕೆನ್ನೆಯಲ್ಲೇ, "ಸರಿ" ಎಂದರು. ಮೂರು ವಾರದಿಂದ ಅವಳು ಕಾದಿದ್ದ ಮಾತು, ಇಷ್ಟೇ ಇಷ್ಟು. ಅದು ಕಿವಿಗೆ ಬಿದ್ದದ್ದೇ ಅವಳ ಬಾಯಿಗೆ ಬೀಗ ಬಿತ್ತು. ಇದನ್ನು ಓದುವವರು ಅವಳನ್ನು ಬೈಯುವುದಾದರೆ, ಬಿರಿದ ಬೆರಳನ್ನು ಒಮ್ಮೆ ಸೋಪಿನ ನೀರಲ್ಲಿ ಅದ್ದಿ ನೋಡಿ ಆಮೇಲೆ ಬೈಯಲಿ.

ಸಂಜೆ ಮನೆಯಲ್ಲಿ ಸುದ್ದಿ ಕೇಳಿ ಗಂಡ ಖುಷಿಪಟ್ಟ. ಮಗಳು ಖುಷಿಪಟ್ಟು, ಮರುಕ್ಷಣವೇ ತನ್ನ ನೇಲ್ ಪಾಲಿಷ್ ಎಲ್ಲಿ ಹೋಯಿತೆಂದು ಮನೆಯೆಲ್ಲ ಹುಡುಕಿದಳು. ಫಳಫಳಕ್ಕ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕಣ್ಣೆದುರು ಯಾರೋ ಮುಖವಾಡ ತೆಗೆದು, ನಗುತ್ತ, ಗನ್ನಿನ ಮೇಲೆ ಬಾಗಿ ಸಿಲಿಂಡರ್ ತಿರುಗಿಸುತ್ತಿದ್ದರು. ಒಂದು ಸುತ್ತು. ಎರಡು ಸುತ್ತು. ಅವರ ಮುಖ ಅವಳಿಗೆ ಕಾಣುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು.

ಬಾಗಿಲಲ್ಲಿ ಅತ್ತೆ ಬಂದು ನಿಂತರು. "ಏನೇ, ಆ ತಟ್ಟೆಯನ್ನ ತೂತು ಮಾಡ್ತೀಯಾ? ನಾಲ್ಕನೇ ಸಲ ಉಜ್ತಾ ಇದ್ದೀಯ. ಒಳ್ಳೆ ಸುದ್ದಿ ತಂದವಳ ಮುಖವಾ ಇದು?"

"ಅತ್ತೆ, ಒಂದು ತಪ್ಪು ಮಾಡಿದೀನಿ. ಹೇಳಿದ್ರೆ ಕೆಲಸ ಹೋಗುತ್ತೆ. ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ."

"ಹೇಳದಿದ್ರೆ ಯಾರಿಗಾದ್ರೂ ಪೆಟ್ಟಾಗುತ್ತಾ?"

"ಆಗಬಹುದು."

"ಮತ್ತೆ ನನ್ನನ್ನೇನು ಕೇಳ್ತೀಯ? ಫೋನು ಅಲ್ಲಿದೆ." ಅತ್ತೆ ತಟ್ಟೆ ಕಸಿದುಕೊಂಡು ತಾವೇ ತೊಳೆಯಲು ನಿಂತರು. ಹದಿನೆಂಟು ವರ್ಷದಲ್ಲಿ ಆ ಕೆಲಸವನ್ನು ಅವರು ಸೊಸೆಯ ಕೈಯಿಂದ ತೆಗೆದುಕೊಂಡದ್ದು ಅದೇ ಮೊದಲು. ಅದನ್ನು ನೋಡಿಯೇ ಫಳಫಳಕ್ಕನಿಗೆ ಅಳು ಬಂತು.

ಅತ್ತುಕೊಂಡೇ ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದಳು. ಆ ಕಡೆಯ ದನಿ ಒರಟಾಗಿತ್ತು. ಹಲ್ಲುನೋವೋ ಸಿಟ್ಟೋ ತಿಳಿಯಲಿಲ್ಲ. ಮೇಷ್ಟ್ರು, "ನಾಳೆ ಆರು ಗಂಟೆಗೆ ಬನ್ನಿ. ಹತ್ತಿ ಬಟ್ಟೆ ತನ್ನಿ, ಜಾಸ್ತಿ ತನ್ನಿ" ಎಂದು ಇಟ್ಟುಬಿಟ್ಟರು.

ಶುಕ್ರವಾರ ಬೆಳಿಗ್ಗೆ ಅವಳು ಹೋಗುವಷ್ಟರಲ್ಲಿ ಮೇಡಂ ಆಗಲೇ ಬಂದಿದ್ದರು, ಮುಖ ಕೆಂಡವಾಗಿತ್ತು. "ನಾಳೆ ಪಂದ್ಯ ಇಟ್ಕೊಂಡು ನಲವತ್ತೂ ಬಿಚ್ಚೋದಾ? ಏನಕ್ಕಾ, ಗೆರೆ ಒರೆಸೋಕೆ ಮುಂಚೆ ಒಂದು ಮಾತು ಕೇಳಬಾರದಿತ್ತಾ?"

"ಕೇಳಬೇಕಿತ್ತು ಮೇಡಂ. ತಪ್ಪು ನಂದೇ."

"ಅರ್ಧ ನಂದು," ಮೇಷ್ಟ್ರು ಸ್ಪ್ಯಾನರ್‌ಗಳನ್ನು ಜೋಡಿಸುತ್ತ ಹೇಳಿದರು. "ಮೂರು ವಾರದಿಂದ ಪಕ್ಕದಲ್ಲಿ ಕೂರಿಸ್ಕೊಂಡು, ಗೆರೆ ಯಾಕೆ ಅಂತ ಹೇಳಿರಲಿಲ್ಲ. ಅಲ್ಲದೆ ಈ ಕೆಲಸಕ್ಕೆ ಇಬ್ಬರಿರಬೇಕು ಮೇಡಂ. ಒಬ್ಬರು ಕೂರಿಸಿದ್ದನ್ನ ಇನ್ನೊಬ್ಬರು ನೋಡಬೇಕು. ದಳದಲ್ಲಿ ಹಾಗೇ ಇತ್ತು. ಇಲ್ಲಿ ನಾಲ್ಕು ವರ್ಷದಿಂದ ನಾನೇ ಕೂರಿಸಿ ನಾನೇ ನೋಡ್ತಿದ್ದೀನಿ."

ಮೇಡಂ ಇಬ್ಬರನ್ನೂ ದುರುಗುಟ್ಟಿ ನೋಡಿದರು. "ಸಂಜೆ ಐದಕ್ಕೆ ಬರ್ತೀನಿ. ನಲವತ್ತು ಬೇಕು. ಕೋಣೆ ಯಾರಿಗೆ ಅನ್ನೋದನ್ನ ಆಗ ಮಾತಾಡೋಣ."

ಶುರುವಾಯಿತು. ಮೊದಲು ಪ್ರತಿಯೊಂದರಲ್ಲೂ ಉಳಿದ ಗಾಳಿಯನ್ನು ಬಿಡಬೇಕು. ರೆಗ್ಯುಲೇಟರಿನ ಮೇಲಿನ ಪುಟ್ಟ ಮೀಟರಿನ ಮುಳ್ಳು ಸೊನ್ನೆಗೆ ಬಂದರೂ ಮೇಷ್ಟ್ರು ನಂಬುವವರಲ್ಲ. "ಮುಳ್ಳು ಕೆಟ್ಟಿರಬಹುದು, ಕಿವಿ ಕೊಟ್ಟು ಕೇಳಿ" ಎನ್ನುತ್ತಿದ್ದರು. ಗಾಳಿ ಹೊರಬಿಡುವ ತುದಿಯ ಪಿನ್ ಒತ್ತಿ ಹಿಡಿದು, ಸುಯ್ಯೆನ್ನುವ ಸದ್ದು ಪೂರಾ ಸತ್ತು, ಆಮೇಲೂ ಹತ್ತು ಎಣಿಸಿದ ನಂತರವೇ ಸಿಲಿಂಡರನ್ನು ರಬ್ಬರ್ ಪಟ್ಟಿಯ ಹಿಡಿತಕ್ಕೆ ಸಿಕ್ಕಿಸಿ ರೆಗ್ಯುಲೇಟರ್ ಬಿಚ್ಚಬೇಕು. ಬಿಚ್ಚಿ, ಒರೆಸಿ, ನೋಡಿ, ಹೊಸ ಉಂಗುರ ಹಾಕಿ, ಕೈಯಲ್ಲಿ ತಿರುಗಿಸಿ, ಬಿಗಿದು, ಇನ್ನೊಬ್ಬರು ನೋಡಿ ಗೆರೆಯೆಳೆಯಲೆಂದು ಅವರ ಕಡೆ ತಳ್ಳಬೇಕು. ಎಂಟನೆಯದಕ್ಕೆ ಅವಳ ಕೈಗೆ ಲಯ ಸಿಕ್ಕಿತು. ಹದಿನೈದನೆಯದಕ್ಕೆ, ತಿರುಪು ಓರೆಯಾಗಿ ಹಿಡಿಯುವ ಮೊದಲೇ ಬೆರಳಿಗೆ ಗೊತ್ತಾಗತೊಡಗಿತು. ಬಿರಿದ ಬೆರಳುಗಳಿಗೆ ಇಷ್ಟೊಂದು ಸೂಕ್ಷ್ಮವಿದೆಯೆಂದು ಅವಳಿಗೇ ತಿಳಿದಿರಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಕೂತಾಗ, ಇಪ್ಪತ್ತೇಳನೆಯದನ್ನು ಹಿಡಿತಕ್ಕೆ ಸಿಕ್ಕಿಸಿ ಸ್ಪ್ಯಾನರಿಗೆ ಕೈ ಚಾಚುವ ಮೊದಲು ಸುಮ್ಮನೆ ಬೆರಳಲ್ಲಿ ಹಿಡಿದು ತಿರುಗಿಸಿದಳು. ರೆಗ್ಯುಲೇಟರ್ ಉಪ್ಪಿನಕಾಯಿ ಭರಣಿಯ ಮುಚ್ಚಳದಂತೆ ಸಲೀಸಾಗಿ ತಿರುಗಿತು.

"ಮೇಷ್ಟ್ರೇ."

ಮೇಷ್ಟ್ರು ಬಂದು ತಾವೂ ತಿರುಗಿಸಿ ನೋಡಿದರು. ಹೊರಗೆ ಯಾರೋ ಪಂದ್ಯದ ಬಲೆ ಕಟ್ಟುತ್ತ ಹಾಡಿಕೊಳ್ಳುತ್ತಿದ್ದರು. ಫಳಫಳಕ್ಕ ಆ ಸಿಲಿಂಡರನ್ನು ಹಿಡಿತದಿಂದ ಬಿಡಿಸಿ ತೊಡೆಯ ಮೇಲಿಟ್ಟುಕೊಂಡಳು. ಹೆದರಿಕೆಯ ಹಿಂದೆಯೇ ಒಂದು ನೆಮ್ಮದಿ ಬಂತು, ಕೋಣೆ ಹೋದರೂ ಹೋಗಲಿ, ಇದಂತೂ ಸಿಕ್ಕಿತು ಎನ್ನುವ ನೆಮ್ಮದಿ. ಮೇಷ್ಟ್ರು ಅವಳ ಮುಂದೆ ನೀರಿನ ಲೋಟ ಇಟ್ಟು, "ಕುಡೀರಿ. ಇನ್ನೂ ಹದಿಮೂರಿದೆ" ಎಂದರು.

ಮೂರು ರೆಗ್ಯುಲೇಟರ್‌ಗಳ ಮೀಟರು ಕೆಟ್ಟಿತ್ತು. ಅವನ್ನು ಬದಿಗಿಟ್ಟು ಬಿಡಿಭಾಗದ ಡಬ್ಬಿಯಿಂದ ಬೇರೆ ಮೂರನ್ನು ತೆಗೆದು ಮೇಷ್ಟ್ರೇ ಕೂರಿಸಿದರು. ನಾಲ್ಕೂಮುಕ್ಕಾಲಿಗೆ ಕೊನೆಯದು ಅವಳ ಕಡೆ ಬಂತು. ದಿನವಿಡೀ ಮಾಡಿದಂತೆ ಅವಳು ಮೊದಲು ತಾರೀಖು ನೋಡಿದಳು, ಆಮೇಲೆ ಅಂಕಿ. ಸಿಲಿಂಡರಿನ ಭುಜದ ಮೇಲೆ ಮೂರು ಸಾವಿರ. ರೆಗ್ಯುಲೇಟರಿನ ಮೈಮೇಲೆ, ಎಳ್ಳಿನಷ್ಟು ಚಿಕ್ಕದಾಗಿ, ನಾಲ್ಕು ಸಾವಿರದ ಐನೂರು.

ಮತ್ತೊಮ್ಮೆ ಓದಿದಳು. ಅಂಕಿ ಬದಲಾಗಲಿಲ್ಲ. ಒತ್ತಡ ಮಿತಿಮೀರಿದರೆ ತಾನು ಒಡೆದು ಗಾಳಿ ಬಿಡುವ ಪುಟ್ಟ ಬಿಲ್ಲೆಯೊಂದು ರೆಗ್ಯುಲೇಟರಿನಲ್ಲಿ ಇರುತ್ತದೆ. ಇದರ ಬಿಲ್ಲೆ ಗಟ್ಟಿ ಸಿಲಿಂಡರಿಗೆಂದು ಮಾಡಿದ್ದು. ಒತ್ತಡ ಏರಿದರೆ ಈ ಸಿಲಿಂಡರಿಗೆ ಪ್ರಾಣಸಂಕಟವಾದಾಗಲೂ ಅದು ಹಾಯಾಗಿ ಕೂತಿರುತ್ತದೆ. ಮೇಷ್ಟ್ರು ನೋಡಿಯೇ ಕೂರಿಸಿದ್ದರು. ನೋಡಿದ್ದರು, ಆದರೆ ಕಂಡಿರಲಿಲ್ಲ.

ಬಾಗಿಲಲ್ಲಿ ಮೇಡಂ ಹೆಜ್ಜೆ ಕೇಳಿಸಿತು. ಬೆಳಿಗ್ಗೆ ತನ್ನ ತಪ್ಪಿನ ಅರ್ಧವನ್ನು ಹೊತ್ತ ಮನುಷ್ಯ, ಮೂವತ್ತು ವರ್ಷ ಬೆಂಕಿಯೊಳಗೆ ಹೋಗುವವರಿಗೆ ಉಸಿರು ತುಂಬಿದ ಮನುಷ್ಯ. ಅಂಥವರಿಗೆ ಒಡತಿಯ ಎದುರು, ನಿನ್ನೆ ಮೊನ್ನೆ ಬಂದ ಒಗೆಯುವವಳು ತಪ್ಪು ತೋರಿಸುವುದೇ? ತನ್ನ ತಪ್ಪು ಹೇಳಿಕೊಳ್ಳುವುದೇ ಇದಕ್ಕಿಂತ ಸುಲಭವಿತ್ತು.

"ಆಯ್ತಾ? ನಲವತ್ತಾ?" ಮೇಡಂ ಕೇಳಿದರು, ಅಭ್ಯಾಸದಂತೆ ಮೇಷ್ಟ್ರನ್ನು.

ಮೇಷ್ಟ್ರು ತಲೆಯಾಡಿಸುವ ಮೊದಲೇ ಫಳಫಳಕ್ಕ, "ಮೂವತ್ತೊಂಬತ್ತು" ಎಂದಳು. ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಮೇಷ್ಟ್ರೇ, ತಪ್ಪು ತಿಳೀಬೇಡಿ. ಇದು ನಾಲ್ಕೂವರೆ ಸಾವಿರದ್ದು. ಸಿಲಿಂಡರ್ ಮೂರರದ್ದು."

ಮೇಷ್ಟ್ರು ಅದನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ತಂದರು, ದೂರ ಒಯ್ದರು, ಕಿಟಕಿಗೆ ಹೋಗಿ ಬೆಳಕಿಗೆ ಹಿಡಿದರು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಅವರ ಕಿವಿ ಕೆಂಪಾಯಿತು. ಅಷ್ಟು ದೊಡ್ಡ ಮನುಷ್ಯನ ಕಿವಿ ಕೆಂಪಾದದ್ದನ್ನು ನೋಡಲಾರದೆ ಅವಳು ನೆಲ ನೋಡಿದಳು.

"ಹೌದು," ಎಂದರು ಮೇಷ್ಟ್ರು. "ನನಗೆ ಕಾಣಲಿಲ್ಲ." ನೋಯುವ ಬಾಯಿ ಅಗಲಿಸಿ ನಕ್ಕರು. ಫಳಫಳಕ್ಕ ಆ ನಗುವನ್ನು ನೋಡಿದ್ದು ಅದೇ ಮೊದಲ ಸಲ. "ನಾಲ್ಕು ವರ್ಷದಲ್ಲಿ ನನಗೆ ಕಾಣದ್ದು ಇನ್ನೆಷ್ಟಿತ್ತೋ! ಇವತ್ತು ಒಬ್ಬರು ಹೇಳೋರು ಇದ್ದರು."

"ಅದಕ್ಕೆ ಸರಿಯಾದ ರೆಗ್ಯುಲೇಟರ್ ಹಾಕಿಬಿಡಿ ಮತ್ತೆ," ಮೇಡಂ ಗಡಿಯಾರ ನೋಡಿದರು.

"ಡಬ್ಬಿಯಲ್ಲಿ ಮೂರು ಸಾವಿರದ್ದು ಉಳಿದಿಲ್ಲ," ಎಂದಳು ಫಳಫಳಕ್ಕ.

"ನಾಳೆ ಒಂದು ದಿನಕ್ಕೆ ನಡೆಯಲ್ವಾ? ನಾವೇನು ಮೂರು ಸಾವಿರದ ಮೇಲೆ ತುಂಬಲ್ವಲ್ಲ." ಮೇಡಂ ಕೇಳಿದ್ದು ಮತ್ತೆ ಮೇಷ್ಟ್ರನ್ನೇ.

"ನನ್ನನ್ನ ಕೇಳ್ಬೇಡಿ," ಮೇಷ್ಟ್ರು ಸಿಲಿಂಡರನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು. "ಕೂರಿಸಿದವನು ನಾನು. ನೋಡಿದವರು ಅವರು. ನೋಡಿದವರ ಮಾತೇ ಕೊನೆ."

ಮೇಡಂ ಅವಳ ಕಡೆ ತಿರುಗಿದರು. ಒಂದು ಹೂಂ ಎಂದರೆ ನಲವತ್ತಾಗುತ್ತಿತ್ತು, ಕೋಣೆಯೂ ಆಗುತ್ತಿತ್ತು. ಫಳಫಳಕ್ಕನಿಗೆ ತಾನು ಅಷ್ಟು ಹೆದರಿಲ್ಲವೆಂದು ತಿಳಿದು ಆಶ್ಚರ್ಯವಾಯಿತು.

"ನಡೆಯಲ್ಲ ಮೇಡಂ. ತುಂಬೋರು ರೆಗ್ಯುಲೇಟರ್ ಮೇಲಿನ ಅಂಕಿ ನೋಡಿ ತುಂಬಿಬಿಟ್ರೆ? ಮೂವತ್ತೊಂಬತ್ತು ಜನ ಆಡ್ಲಿ, ಒಬ್ರು ಒಂದು ಸುತ್ತು ಕಾಯ್ಲಿ. ಕಾದವರಿಗೆ ನಾನೇ ಹೇಳ್ತೀನಿ, ಬೈದ್ರೆ ನನ್ನನ್ನೇ ಬೈಲಿ."

ಮೇಡಂ ಮೇಜಿನ ಮೇಲಿದ್ದ ಆ ಸಿಲಿಂಡರನ್ನು ಎತ್ತಿ, ಕಣ್ಣು ಕಿರಿದು ಮಾಡಿ ಅಂಕಿಯನ್ನು ತಾವೂ ಓದಿದರು. ಓದಿ, ಮೆಲ್ಲಗೆ, ಬಹಳ ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಕೈಚೀಲದಿಂದ ಪೆನ್ನು, ಪುಟ್ಟ ಪುಸ್ತಕ ತೆಗೆದರು.

"ಸೋಮವಾರ ತರಿಸ್ತೀನಿ. ಯಾವುದು ಬೇಕು, ಎಷ್ಟು ಬೇಕು, ಸರಿಯಾಗಿ ಬರೆದುಕೊಡಿ. ಮುಂದಿನ ತಿಂಗಳಿಗೂ ಸೇರಿಸಿ ಬರೀರಿ."

ಮೇಷ್ಟ್ರು ಅಭ್ಯಾಸಬಲದಿಂದ ಕೈ ಚಾಚಿದರು. ಮೇಡಂ ಪೆನ್ನು ಹಿಡಿದಿದ್ದದ್ದು ಫಳಫಳಕ್ಕನ ಕಡೆಗೆ.